ಅಸೈನ್‌ಮೆಂಟು, ಥೀಸಿಸ್ಸಿಗೆ ಎಐ ಬಳಸ್ತೀರಾ? ಹಾಗಾದ್ರೆ ಈ ಕ್ರಮದಲ್ಲಿ ಬಳಸಿ

"ಚಾಟ್‌ಜಿಪಿಟಿ ಬಳಸಿದ್ರೆ ಗೊತ್ತಾಗ್ಬಿಡತ್ತಾ?" "ಎಷ್ಟು ಪರ್ಸೆಂಟ್ ಎಐ ಇದ್ರೆ ಓಕೆ?" "ರೆಫರೆನ್ಸ್ ಅದೇ ಕೊಟ್ಟಿದೆ, ಹಾಗೇ ಹಾಕ್ಲಾ?" ಡಿಗ್ರಿ, ಪಿಜಿ, ಪಿಎಚ್‌ಡಿ ಮಾಡ್ತಿರೋರಿಂದ ಈ ಮೂರು ಪ್ರಶ್ನೆ ನನಗೆ ಬರ್ತಾನೇ ಇರ್ತವೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡೋ ಬದ್ಲು ಎಲ್ರಿಗೂ ಒಟ್ಟಿಗೆ ಆಗ್ಲಿ ಅಂತ ಪೂರ್ತಿ ಬರೀತಿದೀನಿ.

ಬಳಸ್ಲೇಬೇಡಿ ಅಂತ ಹೇಳೋಕೆ ಬರೀತಿಲ್ಲ. ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದು 2022ರ ನವೆಂಬರ್ 30ಕ್ಕೆ, ಆಮೇಲೆ ಜೆಮಿನಿ, ಕ್ಲಾಡ್, ಕೋಪೈಲಟ್ ಅಂತ ಸಾಲಾಗಿ ಬಂದ್ವು, ಈಗ ವರ್ಡ್ ಫೈಲ್ ತೆಗೆದ್ರೂ ಅಲ್ಲೊಂದು ಎಐ ಬಟನ್ ಕೂತಿರತ್ತೆ, ಇಷ್ಟಾದ್ಮೇಲೆ ಮುಟ್ಟಬೇಡಿ ಅನ್ನೋದಕ್ಕೆ ಅರ್ಥ ಇಲ್ಲ. ಆದ್ರೆ ಒಂದು ಅಳತೆಗೋಲು ಬೇಕು, ನನ್ನದು ಇದು: ಲ್ಯಾಪ್‌ಟಾಪ್ ಮುಚ್ಚಿಟ್ಟು ಮೇಷ್ಟ್ರ ಎದುರು ಕೂತಾಗ, ನೀವು ಕೊಟ್ಟಿರೋ ಪೇಪರಿನ ಯಾವ ಸಾಲಿನ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ಬಂತು, ಯಾಕೆ ಹೀಗೆ ಬರೆದ್ರಿ" ಅಂದ್ರೂ ನಿಮ್ಮ ಹತ್ರ ಉತ್ತರ ಇರ್ಬೇಕು. ಉತ್ತರ ಇದ್ರೆ ಎಐ ಸಹಾಯ ಮಾಡಿದೆ ಅಂತ, ಇಲ್ಲ ಅಂದ್ರೆ ಅದು ನಿಮ್ಮ ಕೆಲಸನೇ ಕಿತ್ಕೊಂಡಿದೆ ಅಂತ. ಕೆಳಗಿರೋ ಎಲ್ಲ ಹಂತಗಳೂ ಈ ಒಂದು ಮಾತಿಂದಾನೇ ಹುಟ್ಟಿರೋದು.

ಇದು ಕೆಲಸ ಮಾಡೋದು ಹೇಗೆ ಅಂತ ಎರಡು ಮಾತು

ಇದು ಗೊತ್ತಿಲ್ದೆ ಮುಂದಿನದು ತಲೆಗೆ ಹೋಗಲ್ಲ. ಈ ಟೂಲ್‌ಗಳ ಹೊಟ್ಟೇಲಿರೋದು ಲಾಂಗ್ವೇಜ್ ಮಾಡೆಲ್. ರಾಶಿ ರಾಶಿ ಬರಹ ನೋಡಿ ಒಂದು ಪದದ ಮುಂದೆ ಯಾವ ಪದ ಬರೋ ಸಾಧ್ಯತೆ ಜಾಸ್ತಿ ಅಂತ ಕಲ್ತಿರೋ ಯಂತ್ರ ಅದು. ನೀವು ಪ್ರಾಂಪ್ಟ್ ಕೊಡ್ತೀರಿ, ಅಂದ್ರೆ ನೀವು ಟೈಪ್ ಮಾಡೋ ಪ್ರಶ್ನೆ ಅಥವಾ ಸೂಚನೆ, ಅದಕ್ಕೆ ಹೊಂದೋ ಹಾಗೆ ತುಂಡು ತುಂಡಾಗಿ ಪದ ಜೋಡಿಸ್ತಾ ಹೋಗತ್ತೆ. ಈ ತುಂಡುಗಳಿಗೇ ಟೋಕನ್ ಅನ್ನೋದು. ಪ್ರತಿ ಸಲ ಸಾಧ್ಯತೆಯ ಲೆಕ್ಕದಲ್ಲಿ ಆರಿಸೋದ್ರಿಂದ ಅದೇ ಪ್ರಶ್ನೆಗೆ ಇವತ್ತೊಂದು ಉತ್ತರ, ನಾಳೆ ಇನ್ನೊಂದು ಉತ್ತರ ಬರ್ಬಹುದು. ಸತ್ಯ ಯಾವುದು ಅಂತ ಒಳಗೆ ಯಾವ ಪಟ್ಟಿನೂ ಇಟ್ಕೊಂಡು ನೋಡಲ್ಲ, ಹಾಗಾಗಿ ಗೊತ್ತಿಲ್ಲದ ವಿಷಯಾನೂ ಗೊತ್ತಿರೋ ವಿಷಯದಷ್ಟೇ ಧೈರ್ಯದಿಂದ, ಅಷ್ಟೇ ಚಂದದ ವಾಕ್ಯದಲ್ಲಿ ಹೇಳ್ಬಿಡತ್ತೆ. ಇಲ್ಲದ್ದನ್ನ ಇದೆ ಅಂತ ಹುಟ್ಟಿಸಿ ಹೇಳೋ ಈ ಗುಣಕ್ಕೆ ಹ್ಯಾಲುಸಿನೇಶನ್ ಅಂತಾರೆ. ಈಗಿನ ವರ್ಶನ್‌ಗಳಲ್ಲಿ ಕಡಿಮೆ ಆಗಿದೆ, ಹೋಗಿಲ್ಲ.

ಶುರು ಮಾಡೋ ಮುಂಚೆ ಏನೇನು ಬೇಕು

ನಿಮ್ಮ ಕೋರ್ಸಿನ ರೂಲ್ಸ್ ಇರೋ ಪೇಪರು, ಅಸೈನ್‌ಮೆಂಟಿನ ಪ್ರಶ್ನೆ, ಅದಕ್ಕೆ ಓದ್ಬೇಕಾದ ಮೂಲ ಪುಸ್ತಕ ಅಥವಾ ಪೇಪರ್‌ಗಳು, ಲೈಬ್ರರಿ ಲಾಗಿನ್, ಆಮೇಲೆ ಎಐ ಯಾವಾಗ, ಹೇಗೆ ಬಳಸಿದ್ರಿ ಅಂತ ಬರೆದಿಡೋಕೆ 'ಎಐ ಲಾಗ್' ಅಂತ ಒಂದು ಖಾಲಿ ಫೈಲ್. ಬರೆಯೋದಕ್ಕೆ ವರ್ಶನ್ ಹಿಸ್ಟರಿ ಉಳಿಸೋ ಎಡಿಟರ್ ಬಳಸಿ, ಗೂಗಲ್ ಡಾಕ್ಸ್ ಆಗ್ಲಿ, ಆನ್‌ಲೈನ್‌ನಲ್ಲಿ ಸೇವ್ ಆಗೋ ವರ್ಡ್ ಆಗ್ಲಿ. ವರ್ಶನ್ ಹಿಸ್ಟರಿ ಅಂದ್ರೆ ಯಾವ ದಿನ ಯಾವ ಹೊತ್ತಲ್ಲಿ ಏನು ಬರೆದ್ರಿ, ಏನು ಅಳಿಸಿದ್ರಿ ಅನ್ನೋ ದಾಖಲೆ. ಇದು ಯಾಕೆ ಬೇಕು ಅನ್ನೋದು 9ನೇ ಹಂತದಲ್ಲಿ ಬರತ್ತೆ, ಆದ್ರೆ ಇವತ್ತೇ ಶುರು ಮಾಡಿ, ಹಿಂದಿನ ತಾರೀಖಿಗೆ ಇದನ್ನ ಆಮೇಲೆ ಮಾಡ್ಕೊಳ್ಳೋಕಾಗಲ್ಲ.

1. ಮೊದಲು ರೂಲ್ ಓದಿ, ಅರ್ಥ ಆಗ್ಲಿಲ್ಲ ಅಂದ್ರೆ ಬರವಣಿಗೆಯಲ್ಲಿ ಕೇಳಿ

ಯೂನಿವರ್ಸಿಟಿಗೆ ಒಂದು ನಿಯಮ ಇರತ್ತೆ, ಡಿಪಾರ್ಟ್‌ಮೆಂಟಿಗೆ ಇನ್ನೊಂದು, ಕೊನೆಗೆ ಆ ಪೇಪರ್ ತಗೊಳ್ಳೋ ಮೇಷ್ಟ್ರದ್ದು ಮತ್ತೊಂದು. ಒಬ್ಬರು ಐಡಿಯಾಗೆ ಮಾತ್ರ ಓಕೆ ಅಂತಾರೆ, ಒಬ್ಬರು ಗ್ರಾಮರ್‌ಗೆ ಓಕೆ ಅಂತಾರೆ, ಇನ್ನೊಬ್ಬರು ಮುಟ್ಟಲೇಬಾರದು ಅಂತಾರೆ. ಹೋದ ಸೆಮಿಸ್ಟರ್‌ನಲ್ಲಿ ಬಿಟ್ಟಿದ್ರು ಅನ್ನೋದು ಈ ಸೆಮಿಸ್ಟರಿಗೆ ಲೆಕ್ಕಕ್ಕಿಲ್ಲ. ಇಲ್ಲಿ ಜಾಸ್ತಿ ಜನ ಎಡವೋದು ಎಲ್ಲಿ ಅಂದ್ರೆ, ಏನೂ ಬರೆದಿಲ್ಲ ಅಂದ್ರೆ ಅನುಮತಿ ಇದೆ ಅಂತ ಅಂದ್ಕೊಳ್ಳೋದ್ರಲ್ಲಿ. ಬರೆದಿಲ್ಲ ಅಂದ್ರೆ ಬರೆದಿಲ್ಲ ಅಷ್ಟೇ, ಕೇಳಿ. ಕ್ಲಾಸ್ ಮುಗಿದ್ಮೇಲೆ ಕಾರಿಡಾರಲ್ಲಿ ಬಾಯಿ ಮಾತಲ್ಲಿ ಕೇಳಿದ್ದು ಯಾರಿಗೂ ನೆನಪಿರಲ್ಲ, ಮೇಲ್ ಹಾಕಿ. ಹೀಗೆ ಬರೆದ್ರೆ ಸಾಕು:

"ನಮಸ್ಕಾರ ಮೇಡಂ, ಎರಡನೇ ಅಸೈನ್‌ಮೆಂಟಿಗೆ ನಾನು ಎಐ ಟೂಲ್‌ನ ಎರಡು ಕೆಲಸಕ್ಕೆ ಬಳಸ್ಬೇಕು ಅಂದ್ಕೊಂಡಿದೀನಿ. ಒಂದು, ನನ್ನ ವಾದದಲ್ಲಿ ಎಲ್ಲಿ ಹುರುಳಿಲ್ಲ ಅಂತ ಕೇಳೋಕೆ. ಎರಡು, ನಾನೇ ಬರೆದಿರೋ ಪ್ಯಾರಾಗಳ ಗ್ರಾಮರ್ ನೋಡೋಕೆ. ಉತ್ತರ ಅದರಿಂದ ಬರೆಸಲ್ಲ. ಇದಕ್ಕೆ ಅನುಮತಿ ಇದೆಯಾ? ಇದ್ರೆ ಎಲ್ಲಿ ಹೇಗೆ ನಮೂದಿಸ್ಬೇಕು ತಿಳಿಸಿ."

ಇಷ್ಟು ನಿಖರವಾಗಿ ಕೇಳಿದ್ರೆ ಉತ್ತರನೂ ನಿಖರವಾಗಿ ಬರತ್ತೆ. "ಎಐ ಬಳಸ್ಬಹುದಾ ಮೇಡಂ" ಅಂತಷ್ಟೇ ಕೇಳಿದ್ರೆ ಸೇಫ್ ಆಗಿರ್ಲಿ ಅಂತ ಬೇಡ ಅಂತಾರೆ. ಇನ್ನೊಂದು, ಗ್ರಾಮರ್ಲಿ ಥರದ ವ್ಯಾಕರಣ ತಿದ್ದೋ ಸಾಫ್ಟ್‌ವೇರ್, ಟ್ರಾನ್ಸ್‌ಲೇಟ್ ಟೂಲ್‌ಗಳು, ಕೋಡ್ ಎಡಿಟರ್‌ನಲ್ಲಿ ತಾನಾಗೇ ಸಾಲು ತುಂಬಿಸೋದು, ಇವೂ ಎಷ್ಟೋ ಕಡೆ ಎಐ ಲೆಕ್ಕಕ್ಕೇ ಬರ್ತವೆ, ಅದನ್ನೂ ಸೇರಿಸಿ ಕೇಳಿ.

2. ಈ ಅಸೈನ್‌ಮೆಂಟು ನಿಮ್ಮಲ್ಲಿ ಏನು ಬೆಳೆಸೋಕೆ ಕೊಟ್ಟಿರೋದು ಅಂತ ಪತ್ತೆ ಮಾಡಿ

ಒಂದು ಹಾಳೇಲಿ ಕೆಲಸ ಪೂರ್ತಿ ತುಂಡು ಮಾಡಿ ಬರ್ಕೊಳ್ಳಿ: ವಿಷಯ ಆರಿಸೋದು, ಓದೋದು, ನೋಟ್ಸ್, ವಾದ ಕಟ್ಟೋದು, ಬರೆಯೋದು, ತಿದ್ದೋದು, ಫಾರ್ಮ್ಯಾಟಿಂಗ್. ಇದರಲ್ಲಿ ಮಾರ್ಕ್ಸ್ ಇರೋದು ಯಾವುದಕ್ಕೆ ಅಂತ ಗುರುತು ಹಾಕಿ. ಅದು ನಿಮ್ಮದೇ ಕೈಯಿಂದ ಆಗ್ಬೇಕಾದ ಭಾಗ.

ಇದು ವಿಷಯದಿಂದ ವಿಷಯಕ್ಕೆ ಬದಲಾಗತ್ತೆ. ಮೊದಲ ವರ್ಷದ ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಬರೆಯೋದೇ ಪಾಠ, ಅದನ್ನ ಎಐ ಬರೆದ್ರೆ ನೀವು ಕಲ್ತಿದ್ದು ಏನೂ ಇಲ್ಲ, ಅದೇ ಕೊನೇ ವರ್ಷದ ಪ್ರಾಜೆಕ್ಟಲ್ಲಿ ಒಂದು ಸಣ್ಣ ಲೂಪ್‌ನ ಟೂಲ್ ತುಂಬಿಸಿಕೊಟ್ರೆ, ಅನುಮತಿ ಇದ್ದಲ್ಲಿ, ಅಂಥ ನಷ್ಟ ಇಲ್ಲ, ಯಾಕಂದ್ರೆ ಅಲ್ಲಿ ನೋಡೋದು ಇಡೀ ಸಿಸ್ಟಮ್ ಹೇಗೆ ಕಟ್ಟಿದೀರಿ ಅಂತ. ಭಾಷಾ ಕ್ಲಾಸಲ್ಲಿ ಅನುವಾದನೇ ಪರೀಕ್ಷೆ, ಆದ್ರೆ ಇತಿಹಾಸದ ವಿದ್ಯಾರ್ಥಿ ಬೇರೆ ಭಾಷೆಯ ದಾಖಲೆ ತನಗೆ ಬೇಕಾ ಬೇಡ್ವಾ ಅಂತ ನೋಡೋಕೆ ಮೆಶಿನ್ ಅನುವಾದ ತೆಗೆಯೋದು ಬೇರೆ ಮಾತು. ಲ್ಯಾಬ್ ರಿಪೋರ್ಟಲ್ಲಿ ರೀಡಿಂಗ್ ನಿಮ್ಮದೇ ಆಗಿರ್ಬೇಕು, ಎಐ ಹತ್ರ ಡೇಟಾ ಹುಟ್ಟಿಸಿ ಹಾಕೋದು ನೇರ ಮೋಸ, ಅದರಲ್ಲಿ ಎರಡು ಮಾತಿಲ್ಲ.

3. ಟೂಲ್ ತೆಗೆಯೋ ಮುಂಚೆ ಅರ್ಧ ಪುಟ ನೀವೇ ಬರೀರಿ

ಎಷ್ಟು ಕೆಟ್ಟದಾಗಿದ್ರೂ ಪರವಾಗಿಲ್ಲ, ವಾಕ್ಯ ಪೂರ್ತಿ ಆಗ್ದೇ ಇದ್ರೂ ಪರವಾಗಿಲ್ಲ. ಪ್ರಶ್ನೆ ನನಗೆ ಏನು ಅರ್ಥ ಆಯ್ತು, ನನ್ನ ಸದ್ಯದ ಉತ್ತರ ಏನು, ನನಗೆ ಎಲ್ಲಿ ತೊಡಕಾಗ್ತಿದೆ, ಈ ಮೂರು ಇದ್ರೆ ಸಾಕು. ನಾನು ಈ ಹಂತಕ್ಕೆ ಯಾಕೆ ಇಷ್ಟು ಹಠ ಹಿಡಿತೀನಿ ಅಂದ್ರೆ, ಒಂದು ಸಲ ಎಐ ಕೊಟ್ಟ ನುಣ್ಣನೆ ಉತ್ತರ ಕಣ್ಣಿಗೆ ಬಿದ್ರೆ ಆಮೇಲೆ ತಲೆ ಅದೇ ಗಾಡಿ ಜಾಡಲ್ಲೇ ಓಡೋದು, ಬೇರೆ ದಾರಿ ಇತ್ತು ಅನ್ನೋದೇ ಹೊಳೆಯಲ್ಲ, ಅದೇ ನಾಲ್ಕು ಪಾಯಿಂಟು ಅದೇ ಕ್ರಮದಲ್ಲಿ ನಿಮ್ಮ ಕ್ಲಾಸಿನ ಇಪ್ಪತ್ತು ಜನರ ಪೇಪರಲ್ಲೂ ಬಂದಿರತ್ತೆ, ಓದೋರಿಗೆ ಮೂರನೇ ಪೇಪರಿಗೇ ಗೊತ್ತಾಗತ್ತೆ. ನಿಮ್ಮ ತೊಡಕೇ ನಿಮ್ಮ ಪೇಪರಿನ ಹೊಸತನ. ಅದನ್ನ ಮೊದಲು ಹಾಳೆ ಮೇಲೆ ಹಿಡಿದಿಡಿ, ತಾರೀಖು ಹಾಕಿ.

4. ಕೇಳೋ ರೀತಿ ಬದಲಾಯಿಸಿ

"ಈ ವಿಷಯದ ಮೇಲೆ 1500 ಪದದ ಪ್ರಬಂಧ ಬರೆದು ಕೊಡು" ಅನ್ನೋದು ನಿಮ್ಮ ಕೆಲಸ ಅದಕ್ಕೆ ಒಪ್ಪಿಸೋ ಪ್ರಾಂಪ್ಟು. ಅದರ ಬದ್ಲು ನಿಮ್ಮನ್ನ ಕೆಲಸಕ್ಕೆ ಹಚ್ಚೋ ಪ್ರಾಂಪ್ಟು ಕೊಡಿ. ಕೆಲವು ಇಲ್ಲಿವೆ, ಹಾಗೇ ಎತ್ಕೊಂಡು ಬಳಸ್ಬಹುದು:

"ನನ್ನ ವಾದ ಇದು. ಇದನ್ನ ಒಪ್ಪದ ಒಬ್ಬ ಓದುಗ ಕೇಳೋ ಅತಿ ಕಷ್ಟದ ಮೂರು ಪ್ರಶ್ನೆ ಕೇಳು. ಉತ್ತರ ನೀನು ಕೊಡ್ಬೇಡ."

"ಈ ಸೂತ್ರ ನನಗೆ ಹೀಗೆ ಅರ್ಥ ಆಗಿದೆ. ತಪ್ಪಿದ್ರೆ ಎಲ್ಲಿ ತಪ್ಪು ಅಂತ ಸುಳಿವು ಮಾತ್ರ ಕೊಡು, ಲೆಕ್ಕ ಬಿಡಿಸ್ಬೇಡ."

"ಈ ನೋಟ್ಸ್ ಮೇಲೆ ಹತ್ತು ಪ್ರಶ್ನೆ ಒಂದೊಂದಾಗಿ ಕೇಳು, ನಾನು ಉತ್ತರ ಕೊಟ್ಟ ಮೇಲೆ ಸರಿನಾ ಅಂತ ಹೇಳು." ಪರೀಕ್ಷೆ ಹತ್ರ ಬಂದಾಗ ಇದಕ್ಕಿಂತ ಒಳ್ಳೆ ಉಪಯೋಗ ನಾನು ನೋಡಿಲ್ಲ.

"ನನ್ನ ಕೋಡ್‌ನಲ್ಲಿ ಈ ಎರರ್ ಬರ್ತಿದೆ. ಸರಿಪಡಿಸಿದ ಕೋಡ್ ಬೇಡ, ಈ ಎರರ್ ಅಂದ್ರೆ ಏನು, ಎಲ್ಲಿ ಹುಡುಕ್ಬೇಕು ಹೇಳು."

ಇಲ್ಲೊಂದು ಹಳ್ಳ ಇದೆ, ನೋಡ್ಕೊಂಡು ದಾಟಿ. ಈ ಟೂಲ್‌ಗಳಿಗೆ ಹೂಂಗುಟ್ಟೋ ಸ್ವಭಾವ ಜಾಸ್ತಿ. "ನನ್ನ ಪ್ಯಾರಾ ಚೆನ್ನಾಗಿದೆಯಾ" ಅಂದ್ರೆ ತುಂಬಾ ಚೆನ್ನಾಗಿದೆ ಅನ್ನತ್ತೆ. ಅದು ಸರಿಯಾದ ಉತ್ತರಾನೇ ಕೊಟ್ಟಿದ್ರೂ "ಇಲ್ಲ, ಇದು ತಪ್ಪು ಅನ್ಸತ್ತೆ" ಅಂತ ನೀವು ಸ್ವಲ್ಪ ಒತ್ತಿದ್ರೆ ಸಾಕು, ಎಷ್ಟೋ ಸಲ ಕ್ಷಮೆ ಕೇಳಿ ತಪ್ಪಾದ ಉತ್ತರಕ್ಕೆ ಬದಲಾಯಿಸ್ಬಿಡತ್ತೆ. ಹಾಗಾಗಿ ಅದು ಒಪ್ಪಿದ್ದೂ ಸಾಕ್ಷಿ ಅಲ್ಲ, ಬದಲಾಯಿಸಿದ್ದೂ ಸಾಕ್ಷಿ ಅಲ್ಲ. ಚೆನ್ನಾಗಿದೆಯಾ ಅಂತ ಕೇಳ್ಬೇಡಿ, ಇದರ ಅತಿ ದುರ್ಬಲ ವಾಕ್ಯ ಯಾವುದು, ಯಾಕೆ ಅಂತ ಕೇಳಿ.

5. ಪರೀಕ್ಷಿಸಿ. ಪ್ರತಿ ಹೆಸರು, ಪ್ರತಿ ಅಂಕಿ, ಪ್ರತಿ ರೆಫರೆನ್ಸು

ಬೇರೆ ಎಲ್ಲ ಹಂತ ಅರ್ಧಂಬರ್ಧ ಮಾಡಿದ್ರೂ ಇದನ್ನ ಮಾತ್ರ ಪೂರ್ತಿ ಮಾಡಿ.

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಲ್ಲಿ ಒಂದು ಏರ್‌ಲೈನ್ ವಿರುದ್ಧದ ಕೇಸಿತ್ತು, ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೇ ತೀರ್ಪುಗಳನ್ನ ಅರ್ಜಿಯಲ್ಲಿ ಹಾಕಿದ್ರು, ಅವುಗಳಲ್ಲಿ ಆರು ತೀರ್ಪುಗಳು ಪ್ರಪಂಚದಲ್ಲೇ ಇರಲಿಲ್ಲ. ಇದರಲ್ಲಿ ನಿಮಗೆ ಬೇಕಾದ ಪಾಠ ಯಾವುದು ಅಂದ್ರೆ, ಆ ವಕೀಲರು ಇದು ನಿಜವಾದ ಕೇಸಾ ಅಂತ ಚಾಟ್‌ಜಿಪಿಟಿನೇ ವಾಪಸ್ ಕೇಳಿದ್ರು, ಅದು ಹೌದು ಅಂತು, ದೊಡ್ಡ ಕಾನೂನು ಡೇಟಾಬೇಸಲ್ಲಿ ಸಿಗತ್ತೆ ಅಂತಾನೂ ಹೇಳ್ತು. ಜೂನ್ 22ಕ್ಕೆ ಕೋರ್ಟು 5,000 ಡಾಲರ್ ದಂಡ ಹಾಕ್ತು. ವರ್ಷಗಟ್ಟಲೆ ಅನುಭವ ಇರೋ ವಕೀಲರಿಗೇ ಹೀಗಾಗಿದೆ. ಅದು ಹೇಳಿದ್ದನ್ನ ಅದರ ಹತ್ರಾನೇ ಸರಿನಾ ಅಂತ ಕೇಳೋದು ಪರೀಕ್ಷೆ ಅಲ್ಲ.

ರೆಫರೆನ್ಸ್ ಮೂರು ಥರ ಕೈಕೊಡತ್ತೆ. ಮೊದಲನೇದು, ಪೇಪರೇ ಇರಲ್ಲ. ಎರಡನೇದು, ಲೇಖಕರು ನಿಜ, ಜರ್ನಲ್ ನಿಜ, ಆದ್ರೆ ಆ ಶೀರ್ಷಿಕೆಯಲ್ಲಿ ಅವರು ಏನೂ ಬರೆದಿರಲ್ಲ, ಹೆಸರು ಪರಿಚಯದ್ದು ಅಂತ ನಾವು ನಂಬ್ಬಿಡ್ತೀವಿ. ಮೂರನೇದೇ ಅಪಾಯ, ಪೇಪರ್ ಇದೆ, ಲಿಂಕೂ ತೆರ್ಕೊಳ್ಳತ್ತೆ, ಆದ್ರೆ ಎಐ ಹೇಳಿದ ಮಾತು ಅದರಲ್ಲಿ ಇರಲ್ಲ, ಕೆಲವು ಸಲ ಉಲ್ಟಾನೇ ಇರತ್ತೆ. ಈಗ ಇಂಟರ್ನೆಟ್ ಹುಡುಕಿ ಉತ್ತರ ಕೊಡೋ ಟೂಲ್‌ಗಳು ಬಂದಿವೆಯಲ್ಲ, ಅವು ಮೊದಲನೇ ಥರದ ತಪ್ಪು ಕಡಿಮೆ ಮಾಡಿವೆ, ಮೂರನೇದು ಹಾಗೇ ಇದೆ, ಲಿಂಕ್ ನೋಡಿ ನಂಬೋದ್ರಿಂದ ಅದು ಇನ್ನೂ ಸುಲಭಕ್ಕೆ ತಪ್ಪಿಸ್ಕೊಳ್ಳತ್ತೆ.

ಹೀಗೆ ಮಾಡಿ. ಡಿಓಐ ಇದ್ರೆ, ಅಂದ್ರೆ ಸಂಶೋಧನಾ ಪೇಪರಿಗೆ ಕೊಡೋ ಖಾಯಂ ನಂಬರು, 10 ಅಂತ ಶುರುವಾಗತ್ತೆ, ಅದನ್ನ ಡಿಓಐ ಸಂಸ್ಥೆಯ ವೆಬ್‌ಸೈಟಲ್ಲಿ ಹಾಕಿ ನೋಡಿ, ತೆರ್ಕೊಂಡ ಪೇಪರ್ ಅದೇನಾ ಅಂತ ಶೀರ್ಷಿಕೆ ಹೋಲಿಸಿ. ಡಿಓಐ ಇಲ್ಲ ಅಂದ್ರೆ ಶೀರ್ಷಿಕೆ ಪೂರ್ತಿ ಗೂಗಲ್ ಸ್ಕಾಲರ್‌ನಲ್ಲಿ ಹಾಕಿ, ಆಮೇಲೆ ಜರ್ನಲ್‌ನ ಆ ಸಂಪುಟ, ಆ ಸಂಚಿಕೆ, ಆ ಪುಟ ತೆಗೆದು ನೋಡಿ. ಪುಸ್ತಕ ಆದ್ರೆ ಲೈಬ್ರರಿ ಕ್ಯಾಟಲಾಗ್. ಸಿಕ್ತು ಅಂತ ನಿಲ್ಲಿಸ್ಬೇಡಿ, ತೆಗೆದು ಆ ಪುಟ ಓದಿ, ನೀವು ಬರೆಯೋ ಮಾತು ಅಲ್ಲಿದೆಯಾ ನೋಡಿ, ಪುಟ ಸಂಖ್ಯೆ ಲಾಗಲ್ಲಿ ಬರ್ಕೊಳ್ಳಿ. ಪೇಪರನ್ನ ಜರ್ನಲ್ ವಾಪಸ್ ತಗೊಂಡಿದೆಯಾ ಅಂತಾನೂ ಒಂದು ಕಣ್ಣು ಹಾಯಿಸಿ, ಅಂಥವಕ್ಕೆ ಜರ್ನಲ್ ಪುಟದಲ್ಲೇ ರಿಟ್ರ್ಯಾಕ್ಟೆಡ್ ಅಂತ ಬರೆದಿರ್ತಾರೆ, ಎಐ ಇದನ್ನ ಹೇಳದೇ ಹೋಗ್ಬಹುದು. ನೀವು ಓದದ ಪೇಪರ್ ನಿಮ್ಮ ರೆಫರೆನ್ಸ್ ಪಟ್ಟಿಯಲ್ಲಿ ಇರ್ಲೇಬಾರದು. ಇಪ್ಪತ್ತು ಓದದ ರೆಫರೆನ್ಸಿಗಿಂತ ಓದಿದ ಆರು ಮೇಲು.

ಪಿಡಿಎಫ್ ಹಾಕಿ ಸಾರಾಂಶ ಕೇಳೋರಿಗೆ: ಉದ್ದ ದಾಖಲೆಯ ಮಧ್ಯದಲ್ಲಿರೋ ವಿಷಯ ಬಿಟ್ಟು ಹೋಗೋದು ಸಾಮಾನ್ಯ, "ಹೀಗಿರ್ಬಹುದು" ಅಂತ ಲೇಖಕರು ಎಚ್ಚರಿಕೆಯಿಂದ ಬರೆದಿದ್ದು ಸಾರಾಂಶದಲ್ಲಿ "ಹೀಗಿದೆ" ಅಂತ ಆಗಿರತ್ತೆ. ಈ ಪೇಪರ್ ನನಗೆ ಬೇಕಾ ಅಂತ ತೀರ್ಮಾನ ಮಾಡೋಕೆ ಸಾರಾಂಶ ಸಾಕು, ಉಲ್ಲೇಖ ಮಾಡೋಕೆ ಸಾಲ್ದು.

ಕೋಡ್ ಬರೆಯೋರಿಗೂ ಇದೇ ಕಥೆ. ಇಲ್ಲದ ಪ್ಯಾಕೇಜಿನ ಹೆಸರು ಹೇಳಿ ಇನ್‌ಸ್ಟಾಲ್ ಮಾಡಿ ಅನ್ನತ್ತೆ. ಅಂಥ ಹೆಸರಲ್ಲೇ ಯಾರಾದ್ರೂ ಕೆಟ್ಟ ಕೋಡ್ ಅಪ್‌ಲೋಡ್ ಮಾಡಿಟ್ಟಿದ್ರೆ ನಿಮ್ಮ ಮೆಶಿನ್ನಿಗೇ ಕುತ್ತು. ಇನ್‌ಸ್ಟಾಲ್ ಮಾಡೋ ಮುಂಚೆ ಪ್ಯಾಕೇಜಿನ ಅಧಿಕೃತ ಪುಟ ನೋಡಿ. ಅಂಕಿಅಂಶದ ಕೆಲಸದಲ್ಲಿ ಯಾವ ಟೆಸ್ಟ್ ಹಾಕ್ಬೇಕು ಅಂತ ಸಲಹೆ ಕೇಳಿದ್ರೆ, ಆ ಟೆಸ್ಟಿಗೆ ಡೇಟಾ ಹೇಗಿರ್ಬೇಕು ಅನ್ನೋ ಷರತ್ತುಗಳನ್ನ ಪಠ್ಯಪುಸ್ತಕದಲ್ಲಿ ತೆಗೆದು ನಿಮ್ಮ ಡೇಟಾಕ್ಕೆ ಹೊಂದತ್ತಾ ಅಂತ ನೀವೇ ನೋಡ್ಬೇಕು.

6. ಬೇರೆಯವರ ವಿಷಯ ಒಳಗೆ ಹಾಕ್ಬೇಡಿ

ಇಂಟರ್‌ವ್ಯೂ ಟ್ರಾನ್ಸ್‌ಕ್ರಿಪ್ಟ್, ರೋಗಿಗಳ ವಿವರ, ಸರ್ವೆಯಲ್ಲಿ ಜನ ಹೆಸರು ಫೋನ್ ನಂಬರ್ ಸಮೇತ ಕೊಟ್ಟ ಉತ್ತರ, ಗೈಡ್‌ದು ಇನ್ನೂ ಪ್ರಕಟ ಆಗ್ದಿರೋ ಬರಹ, ಸ್ನೇಹಿತರ ಅಸೈನ್‌ಮೆಂಟು, ಇದ್ಯಾವುದನ್ನೂ ಪೇಸ್ಟ್ ಮಾಡೋ ಹಕ್ಕು ನಿಮಗಿಲ್ಲ. ಫೀಲ್ಡ್‌ವರ್ಕ್ ಮಾಡೋರು ಒಪ್ಪಿಗೆ ಪತ್ರ ನೆನಪಿಸ್ಕೊಳ್ಳಿ, ಅದರಲ್ಲಿ ನಾನು ಮತ್ತೆ ನನ್ನ ಗೈಡ್ ಮಾತ್ರ ನೋಡ್ತೀವಿ ಅಂತ ಬರೆದು ಸಹಿ ಹಾಕಿಸ್ಕೊಂಡಿರ್ತೀರಿ, ಆ ಮನುಷ್ಯ ನಿಮ್ಮನ್ನ ನಂಬಿ ಮನೆ ಕಷ್ಟ ಹೇಳಿಕೊಂಡಿರ್ತಾರೆ, ಅದನ್ನ ಸುಲಭ ಆಗತ್ತೆ ಅಂತ ಯಾವುದೋ ಕಂಪನಿಯ ಸರ್ವರಿಗೆ ಕಳಿಸೋದು ಆ ನಂಬಿಕೆ ಮುರಿದ ಹಾಗೆ. ಹೆಸರು ತೆಗೆದ್ರೆ ಸಾಕು ಅಂತಾನೂ ಅಲ್ಲ, ಊರು, ವಯಸ್ಸು, ಕೆಲಸ ಸೇರಿಸಿದ್ರೆ ಎಷ್ಟೋ ಸಲ ಯಾರು ಅಂತ ಗೊತ್ತಾಗ್ಬಿಡತ್ತೆ.

ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಚಾಟ್‌ಗಳನ್ನ ಮಾಡೆಲ್ ತರಬೇತಿಗೆ ಬಳಸೋ ಆಯ್ಕೆ ಇದ್ರೆ ಆಫ್ ಮಾಡಿ. ಆಫ್ ಮಾಡಿದ್ಮೇಲೂ ಪೂರ್ತಿ ಗುಟ್ಟು ಅಂದ್ಕೊಳ್ಬೇಡಿ, 2023ರ ಮಾರ್ಚ್ 20ಕ್ಕೆ ಒಂದು ಬಗ್‌ನಿಂದ ಚಾಟ್‌ಜಿಪಿಟಿಯಲ್ಲಿ ಕೆಲವರಿಗೆ ಬೇರೆಯವರ ಚಾಟ್‌ಗಳ ಶೀರ್ಷಿಕೆ ಕಾಣಿಸಿತ್ತು. ಯೂನಿವರ್ಸಿಟಿನೇ ಒದಗಿಸಿರೋ ಅಕೌಂಟ್ ಇದ್ರೆ ಅದನ್ನೇ ಬಳಸಿ, ಆದ್ರೂ ರಿಸರ್ಚ್ ಡೇಟಾ ಹಾಕೋ ಮುಂಚೆ ಗೈಡ್‌ನ ಕೇಳಿ.

7. ಭಾಷೆ ತಿದ್ದಿಸೋವಾಗ

ಇಂಗ್ಲಿಷ್ ಕಷ್ಟ ಆಗೋರಿಗೆ ಇದು ನಿಜವಾದ ಆಸರೆ, ಅದನ್ನ ನಾನು ಕಡಿಮೆ ಮಾಡಿ ಹೇಳಲ್ಲ. ಆದ್ರೆ ಇಡೀ ಪೇಪರ್ ಹಾಕಿ "ಚಂದ ಮಾಡು" ಅನ್ಬೇಡಿ. ಒಂದೊಂದೇ ಪ್ಯಾರಾ ಹಾಕಿ, "ವಾಕ್ಯ ಬದಲಾಯಿಸ್ಬೇಡ, ಗ್ರಾಮರ್ ತಪ್ಪುಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಕಾರಣ ಹೇಳು" ಅಂತ ಕೇಳಿ, ತಿದ್ದೋದು ನೀವೇ ತಿದ್ದಿ. ಹೀಗೆ ನಾಲ್ಕು ಪೇಪರ್ ಮಾಡಿದ್ರೆ ಅದೇ ತಪ್ಪು ಐದನೇದ್ರಲ್ಲಿ ಬರಲ್ಲ. ಚಂದ ಮಾಡು ಅಂದ್ರೆ ಏನಾಗತ್ತೆ ಗೊತ್ತಾ, ನೀವು "ಸೂಚಿಸತ್ತೆ" ಅಂತ ಬರೆದಿದ್ದು "ಸಾಬೀತು ಮಾಡತ್ತೆ" ಅಂತ ಆಗಿರತ್ತೆ, ನಿಮ್ಮ ವಾದದ ತೂಕಾನೇ ಬದಲಾಗಿರತ್ತೆ, ನಿಮಗೆ ಗೊತ್ತೂ ಆಗಿರಲ್ಲ.

ಕನ್ನಡದಲ್ಲಿ ಬರೆಯೋರು ಇನ್ನೂ ಹುಷಾರಾಗಿರಿ. ಇಂಗ್ಲಿಷ್ ವಾಕ್ಯದ ಎಲುಬಿಗೆ ಕನ್ನಡದ ಚರ್ಮ ಹೊದಿಸಿದ ಹಾಗಿರೋ ವಾಕ್ಯ ಬಹಳ ಬರತ್ತೆ, ಪಾರಿಭಾಷಿಕ ಪದಗಳನ್ನ ತಾನೇ ಹುಟ್ಟಿಸ್ಬಿಡತ್ತೆ. ಜೋರಾಗಿ ಓದಿ ನೋಡಿ, ನಿಮ್ಮ ಬಾಯಲ್ಲಿ ಬರದ ವಾಕ್ಯ ಅಂದ್ರೆ ಮುರಿದು ಬರೀರಿ.

ಪ್ಯಾರಾಫ್ರೇಸ್ ಟೂಲ್ ಬಗ್ಗೆ, ಅಂದ್ರೆ ಇನ್ನೊಬ್ಬರ ಬರಹವನ್ನ ಪದ ಬದಲಾಯಿಸಿ ಕೊಡೋ ಟೂಲ್. ಪದ ಬದಲಾದ್ರೂ ವಿಚಾರ ಅವರದ್ದೇ, ಮೂಲ ಹೇಳದೇ ಹಾಕಿದ್ರೆ ಅದು ಪ್ಲೇಜಿಯರಿಸಮ್ಮೇ, ಅಂದ್ರೆ ಕೃತಿಚೌರ್ಯ. ಅದರ ಮೇಲೆ ಅರ್ಥಾನೂ ಕೆಡತ್ತೆ. 2021ರಲ್ಲಿ ಕೆಲವು ಸಂಶೋಧಕರು ಪ್ರಕಟವಾದ ಪೇಪರ್‌ಗಳಲ್ಲೇ ಇಂಥ ತಿರುಚಿದ ಪದಗಳನ್ನ ಹುಡುಕಿ ತೆಗೆದ್ರು. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅನ್ನೋದು 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಅಂತ, ಅಂದ್ರೆ ಖೋಟಾ ಪ್ರಜ್ಞೆ ಅಂತ ಆಗಿತ್ತು, 'ಬ್ರೆಸ್ಟ್ ಕ್ಯಾನ್ಸರ್' ಅನ್ನೋದು 'ಬೂಸಮ್ ಪೆರಿಲ್', ಅಂದ್ರೆ ಎದೆಯ ಗಂಡಾಂತರ ಅಂತ ಆಗಿತ್ತು. ಇಂಥ ಪದ ಹುಡುಕಿಯೇ ಆಮೇಲೆ ಎಷ್ಟೋ ಪೇಪರ್‌ಗಳು ಸಿಕ್ಕಿಬಿದ್ವು.

8. ಲಾಗ್ ಬರೀರಿ, ಬಳಸಿದ್ದನ್ನ ಹೇಳಿ

ಲಾಗ್ ಅಂದ್ರೆ ದೊಡ್ಡ ಕೆಲಸ ಅಲ್ಲ, ಬಳಸಿದಾಗೆಲ್ಲ ಒಂದು ಸಾಲು: ತಾರೀಖು, ಟೂಲ್ ಹೆಸರು ಮತ್ತೆ ವರ್ಶನ್, ಏನು ಕೇಳಿದೆ, ಬಂದಿದ್ದರಲ್ಲಿ ಏನು ಇಟ್ಕೊಂಡೆ, ಏನು ಬಿಟ್ಟೆ. ಚಾಟ್‌ನ ಲಿಂಕ್ ಇಟ್ಕೊಳ್ಳಿ ಅಥವಾ ಪಿಡಿಎಫ್ ಮಾಡಿ.

ಪೇಪರಿನ ಕೊನೆಗೆ ಒಂದು ಹೇಳಿಕೆ ಹಾಕಿ. ಮಾದರಿ ಇದು: "ಈ ಅಸೈನ್‌ಮೆಂಟಿನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಗುರುತಿಸಲು ಮತ್ತು ವ್ಯಾಕರಣ ಪರಿಶೀಲನೆಗೆ ಇಂಥ ಟೂಲನ್ನು, ಇಂಥ ತಾರೀಖುಗಳಲ್ಲಿ ಬಳಸಿದ್ದೇನೆ. ವಾದ, ಮೂಲಗಳ ಆಯ್ಕೆ ಮತ್ತು ಬರವಣಿಗೆ ನನ್ನದು. ಎಲ್ಲ ಉಲ್ಲೇಖಗಳನ್ನು ಮೂಲದಲ್ಲಿ ಓದಿ ಪರಿಶೀಲಿಸಿದ್ದೇನೆ." ಕೊನೇ ವಾಕ್ಯ ನಿಜ ಆಗಿದ್ರೆ ಮಾತ್ರ ಬರೀರಿ. "ಕೆಲವು ಕಡೆ ಎಐ ಸಹಾಯ ಪಡೆಯಲಾಗಿದೆ" ಅನ್ನೋ ಥರದ ಮಂಜು ಮಂಜಾದ ಹೇಳಿಕೆಯಿಂದ ಅನುಮಾನ ಜಾಸ್ತಿನೇ ಆಗತ್ತೆ.

ಎಐಯನ್ನ ಸಹಲೇಖಕ ಅಂತ ಹಾಕೋ ಹಾಗಿಲ್ಲ. ನೇಚರ್, ಸೈನ್ಸ್ ಜರ್ನಲ್‌ಗಳು 2023ರ ಜನವರಿಯಲ್ಲೇ ಇದನ್ನ ಹೇಳಿದ್ವು, ಪ್ರಕಟಣಾ ನೀತಿ ನೋಡೋ ಕೋಪ್ ಸಂಸ್ಥೆನೂ ಮುಂದಿನ ತಿಂಗಳು ಅದೇ ನಿಲುವು ಹೇಳ್ತು. ಕಾರಣ ಸರಳ, ಬರೆದಿದ್ದಕ್ಕೆ ಜವಾಬ್ದಾರಿ ಹೊರೋಕೆ ಅದಕ್ಕಾಗಲ್ಲ. ಅದರ ಮಾತನ್ನೇ ಉದ್ಧರಿಸ್ಬೇಕಾಗಿ ಬಂದ್ರೆ ನಿಮ್ಮ ಡಿಪಾರ್ಟ್‌ಮೆಂಟು ರೆಫರೆನ್ಸ್ ಬರೆಯೋಕೆ ಬಳಸೋ ಶೈಲಿ ನೋಡಿ, ಎಪಿಎ ಶೈಲಿಯಲ್ಲಿ ಟೂಲ್ ಮಾಡಿದ ಕಂಪನಿ ಲೇಖಕರ ಜಾಗಕ್ಕೆ ಬರತ್ತೆ, ಎಂಎಲ್‌ಎಯಲ್ಲಿ ಲೇಖಕರ ಜಾಗ ಬಿಟ್ಟು ನೀವು ಕೊಟ್ಟ ಪ್ರಾಂಪ್ಟಿನ ವಿವರದಿಂದ ಶುರುವಾಗತ್ತೆ.

9. ಡಿಟೆಕ್ಟರ್ ಬಗ್ಗೆ, ಅಂದ್ರೆ ಎಐ ಬರೆದಿದ್ದಾ ಅಂತ ಕಂಡುಹಿಡಿಯೋ ಸಾಫ್ಟ್‌ವೇರ್

"ಎಷ್ಟು ಪರ್ಸೆಂಟ್ ಓಕೆ" ಅನ್ನೋ ಪ್ರಶ್ನೆಗೆ ನಾನು ನಂಬರ್ ಹೇಳಲ್ಲ, ಯಾಕಂದ್ರೆ ಆ ನಂಬರ್ರೇ ಗಟ್ಟಿ ಇಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿನೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಡ್ತು, ಅವರೇ ಕೊಟ್ಟ ಲೆಕ್ಕದ ಪ್ರಕಾರ ಎಐ ಬರಹದಲ್ಲಿ 26% ಮಾತ್ರ ಹಿಡೀತಿತ್ತು, ಮನುಷ್ಯರು ಬರೆದಿದ್ದರಲ್ಲಿ 9%ನ ಎಐ ಅಂತಿತ್ತು, ಅದೇ ಜುಲೈಯಲ್ಲಿ ನಿಖರತೆ ಸಾಲ್ದು ಅಂತ ವಾಪಸ್ ತಗೊಂಡ್ರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆ ಅಲ್ಲದೋರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನ ಏಳು ಡಿಟೆಕ್ಟರ್‌ಗಳಿಗೆ ಹಾಕಿದ್ರು, ಸರಾಸರಿ ಸುಮಾರು 61% ಪ್ರಬಂಧಗಳನ್ನ ಎಐ ಅಂತ ತಪ್ಪಾಗಿ ಹೇಳಿದ್ವು. ಸರಳ ಪದ, ಸರಳ ವಾಕ್ಯ ಬಳಸೋರು ಅದಕ್ಕೆ ಮೆಶಿನ್ ಥರ ಕಾಣ್ತಾರೆ. ಇಂಗ್ಲಿಷ್ ಎರಡನೇ ಭಾಷೆ ಆಗಿರೋ ನಮ್ಮಂಥೋರಿಗೆ ಇದು ನೇರವಾಗಿ ತಟ್ಟೋ ವಿಷಯ. ಆಮೇಲೆ ಬಂದ ಡಿಟೆಕ್ಟರ್‌ಗಳು ಇದಕ್ಕಿಂತ ಸುಧಾರಿಸಿವೆ ಅಂತಾರೆ, ಆದ್ರೂ ಒಂದು ನಂಬರ್ ಮೇಲೆ ಒಬ್ಬ ವಿದ್ಯಾರ್ಥಿಯ ಹಣೆಬರಹ ನಿರ್ಧಾರ ಮಾಡೋದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ.

ಹಾಗಾಗಿ ಮೊದಲೇ ಫ್ರೀ ಡಿಟೆಕ್ಟರ್‌ಗಳಿಗೆ ಹಾಕಿ ಚೆಕ್ ಮಾಡ್ಕೊಳ್ಳೋದು ಬೇಡ. ಯಾರದ್ದೋ ಸೈಟಿಗೆ ನಿಮ್ಮ ಥೀಸಿಸ್ ಕೊಟ್ಟ ಹಾಗಾಗತ್ತೆ, ಅದು ಕೆಂಪು ತೋರಿಸಿತು ಅಂತ ನಿಮ್ಮದೇ ಒಳ್ಳೆ ವಾಕ್ಯ ಕೆಡಿಸ್ಕೊಳ್ತೀರಿ. ಎಐ ಬರಹವನ್ನ ಮನುಷ್ಯರೇ ಬರೆದ ಹಾಗೆ ಕಾಣೋ ಥರ ಬದಲಾಯಿಸಿಕೊಡೋ 'ಹ್ಯೂಮನೈಸರ್' ಅನ್ನೋ ಟೂಲ್‌ಗಳನ್ನಂತೂ ಮುಟ್ಟಲೇಬೇಡಿ. ಮುಚ್ಚಿಡೋಕೆ ಪ್ರಯತ್ನ ಮಾಡಿದ್ದೇ ಉದ್ದೇಶಕ್ಕೆ ಸಾಕ್ಷಿ ಆಗತ್ತೆ.

ನೀವೇ ಬರೆದಿದ್ರೂ ಆರೋಪ ಬಂದ್ರೆ? ಸಿಟ್ಟಲ್ಲಿ ಮೇಲ್ ಬರೀಬೇಡಿ, ಹೆದರಿ ಮಾಡದ ತಪ್ಪು ಒಪ್ಕೊಳ್ಳಲೂಬೇಡಿ. ಆರೋಪ ಏನು, ಯಾವ ಸಾಕ್ಷಿ ಮೇಲೆ ಅಂತ ಬರವಣಿಗೆಯಲ್ಲಿ ಕೇಳಿ. ವರ್ಶನ್ ಹಿಸ್ಟರಿ, 3ನೇ ಹಂತದ ಆ ಅರ್ಧ ಪುಟ, ಓದಿದ ಪೇಪರ್‌ಗಳ ಮೇಲೆ ನೀವು ಹಾಕಿದ ಗುರುತು, ಎಐ ಲಾಗ್, ಎಲ್ಲ ಒಂದು ಫೋಲ್ಡರಿಗೆ ಹಾಕಿ. "ಈ ಪೇಪರ್ ಮೇಲೆ ಮೌಖಿಕವಾಗಿ ಯಾವ ಪ್ರಶ್ನೆ ಬೇಕಾದ್ರೂ ಕೇಳಿ, ಉತ್ತರ ಕೊಡ್ತೀನಿ" ಅಂತ ನೀವೇ ಮುಂದಾಗಿ ಹೇಳಿ. ತೀರ್ಮಾನ ವಿರುದ್ಧ ಬಂದ್ರೆ ಮೇಲ್ಮನವಿಗೆ ಕೊನೇ ದಿನ ಯಾವುದು ಅಂತ ಮೊದಲೇ ತಿಳ್ಕೊಳ್ಳಿ, ಆ ದಿನ ದಾಟಿಸ್ಕೊಂಡು ಒದ್ದಾಡೋರು ಬಹಳ ಜನ.

10. ಸಬ್ಮಿಟ್ ಮಾಡೋ ಹಿಂದಿನ ದಿನ

ಎಲ್ಲ ಮುಚ್ಚಿ. ಸ್ನೇಹಿತರನ್ನೋ ಅಕ್ಕನನ್ನೋ ಕೂರಿಸ್ಕೊಂಡು ಐದು ನಿಮಿಷ ನಿಮ್ಮ ಪೇಪರ್ ಏನು ಹೇಳತ್ತೆ ಅಂತ ಹೇಳಿ, ಪೇಪರ್ ಅವರ ಕೈಲಿರ್ಲಿ, ಎಲ್ಲೆಲ್ಲಿ ಬೇಕೋ ಅಲ್ಲಿ ತಡೆದು ಯಾಕೆ ಅಂತ ಕೇಳೋಕೆ ಹೇಳಿ. ನೀವು ತಡವರಿಸೋ ಜಾಗಕ್ಕೆ ಪೆನ್ಸಿಲ್ಲಲ್ಲಿ ಗುರುತು ಹಾಕಿ. ಆ ಪ್ಯಾರಾ ಒಂದೋ ಮೂಲಕ್ಕೆ ಹೋಗಿ ಓದಿ ಮತ್ತೆ ನಿಮ್ಮ ಮಾತಲ್ಲಿ ಬರೀರಿ, ಇಲ್ಲ ತೆಗೆದುಹಾಕಿ. ಗ್ರೂಪ್ ಪ್ರಾಜೆಕ್ಟ್ ಆದ್ರೆ ಯಾರ್ಯಾರು ಯಾವ ಭಾಗಕ್ಕೆ ಎಐ ಬಳಸಿದಾರೆ ಅಂತ ಕೂತು ಕೇಳಿ ಬರ್ಕೊಳ್ಳಿ, ಒಬ್ಬರು ಹಾಕಿದ ಸುಳ್ಳು ರೆಫರೆನ್ಸಿಗೆ ನಾಲ್ಕೂ ಜನ ಉತ್ತರ ಕೊಡ್ಬೇಕಾಗತ್ತೆ.

ಈಗಾಗ್ಲೇ ಕೊಟ್ಟಾಗಿದೆ, ಈಗ ಭಯ ಆಗ್ತಿದೆ ಅನ್ನೋರೂ ಕೇಳ್ತಾರೆ. ಇನ್ನೂ ಮೌಲ್ಯಮಾಪನ ಆಗಿಲ್ಲ ಅಂದ್ರೆ ಇವತ್ತೇ ಮೇಷ್ಟ್ರಿಗೆ ಮೇಲ್ ಹಾಕಿ: ಯಾವ ಭಾಗ, ಯಾವ ಟೂಲ್, ಎಷ್ಟರ ಮಟ್ಟಿಗೆ ಅಂತ ಬಚ್ಚಿಡದೇ ಬರೆದು, ಮತ್ತೆ ಬರೆದು ಕೊಡೋಕೆ ಅವಕಾಶ ಇದೆಯಾ ಅಂತ ಕೇಳಿ. ಕಾರಣಗಳ ಉದ್ದ ಪಟ್ಟಿ ಬೇಡ. ಮಾರ್ಕ್ಸ್ ಕಟ್ ಆಗ್ಬಹುದು, ರೂಲ್ ಪ್ರಕಾರ ಕ್ರಮಾನೂ ಆಗ್ಬಹುದು, ಅದನ್ನ ಮುಚ್ಚಿಟ್ಟು ಹೇಳಲ್ಲ ನಾನು. ಆದ್ರೆ ನೀವಾಗೇ ಹೋಗಿ ಹೇಳಿದ ವಿದ್ಯಾರ್ಥಿನ ನೋಡೋ ಕಣ್ಣೇ ಬೇರೆ, ಸಿಕ್ಕಿಬಿದ್ದ ಮೇಲೆ ಕರೆಸಿದ ವಿದ್ಯಾರ್ಥಿನ ನೋಡೋ ಕಣ್ಣೇ ಬೇರೆ. ಮೇಲ್ ಕಳಿಸಿದ ಮೇಲೆ ಆ ಪೇಪರಿನ ಪ್ರಶ್ನೆ ತೆಗೆದಿಟ್ಕೊಂಡು 3ನೇ ಹಂತದಿಂದ ಶುರು ಮಾಡಿ, ಉತ್ತರ ಬರೋ ಹೊತ್ತಿಗೆ ಅರ್ಧ ಪುಟ ಕೈಲಿರತ್ತೆ.